ಲ್ಯಾಮಿಂಗ್ಟನ್ ರಸ್ತೆಯ ಮೇಲ್ಮಹಡಿ

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗೆ ನಿಂತು "ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಲ್ಲಿ?" ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. "ಲ್ಯಾಮಿಂಗ್ಟನ್ ರೋಡ್" ಎಂದರೆ ಮಾತ್ರ ಎಳನೀರು ಮಾರುವವನೂ ಕೈ ತೋರಿಸುತ್ತಾನೆ. ಎರಡೂ ಒಂದೇ ರಸ್ತೆ. ಮೊದಲನೆಯದು ಫಲಕದ ಮೇಲಿನ ಹೆಸರು. ಎರಡನೆಯದು 1903ರಿಂದ 1907ರವರೆಗೆ ಬಾಂಬೆ ಪ್ರಾಂತ್ಯದ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಬಿಟ್ಟುಹೋದದ್ದು. ಹುಬ್ಬಳ್ಳಿಯವರಿಗೆ ಈ ಹೆಸರು ಹೊಸದಲ್ಲ. ಅಲ್ಲಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೂ ಅದೇ ಗವರ್ನರನ ಹೆಸರು. ಧಾರವಾಡ, ವಿಜಾಪುರ, ಬೆಳಗಾವಿ, ನಮ್ಮ ಉತ್ತರ ಕನ್ನಡ ಎಲ್ಲವೂ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವಲ್ಲ.

ಬೆಂಗಳೂರಿನವರಿಗೆ ಎಸ್.ಪಿ. ರೋಡ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರೂ ಪ್ಲೇಸ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಸಿ.ಟಿ.ಸಿ. ಹೇಗೋ, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಕೇಬಲ್ಲಿನಿಂದ ಹಿಡಿದು ಸರ್ವರ್‌ವರೆಗೆ, ಹೊಸತಿನಿಂದ ಹಿಡಿದು ಹತ್ತು ವರ್ಷ ಹಳೆಯದರವರೆಗೆ, ಕಂಪ್ಯೂಟರಿಗೆ ಸಂಬಂಧಪಟ್ಟ ಏನು ಬೇಕಾದರೂ ಇಲ್ಲಿ ಸಿಗುತ್ತದೆ.

ನಾನಿರುವುದು ಡೊಂಬಿವಲಿಯಲ್ಲಿ. ಅಲ್ಲಿಂದ ದಾದರ್‌ವರೆಗೆ ಫಾಸ್ಟ್ ಲೋಕಲ್. ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಪಶ್ಚಿಮ ರೈಲ್ವೆಯ ಚರ್ಚ್‌ಗೇಟ್ ಸ್ಲೋ ಹಿಡಿದರೆ ಪ್ರಭಾದೇವಿ, ಲೋವರ್ ಪರೇಲ್, ಮಹಾಲಕ್ಷ್ಮಿ, ಮುಂಬಯಿ ಸೆಂಟ್ರಲ್, ಆಮೇಲೆ ಗ್ರಾಂಟ್ ರೋಡ್. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೊ 3 ಕೂಡ ಗ್ರಾಂಟ್ ರೋಡಿನಲ್ಲಿ ನಿಲ್ಲುತ್ತದೆ. ತಂಪಾಗಿ ಬಂದಿಳಿಯಬಹುದು. ಆದರೆ ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲೆ ಎಲ್ಲರಿಗೂ ಅದೇ ಬಿಸಿಲು, ಅದೇ ಕೈಗಾಡಿ, ಅದೇ ಹಾರ್ನು.

ಕಂಪ್ಯೂಟರಿಗಿಂತ ಮುಂಚೆ ಇದು ಸಿನಿಮಾದ ರಸ್ತೆಯಾಗಿತ್ತು. ಇಲ್ಲಿನ ಮಿನರ್ವಾದಲ್ಲೇ 'ಶೋಲೆ' 1975ರಲ್ಲಿ ಬಿಡುಗಡೆಯಾಗಿ ಐದು ವರ್ಷಕ್ಕೂ ಹೆಚ್ಚು ಕಾಲ ಓಡಿದ್ದು. ನಾಜ್ ಚಿತ್ರಮಂದಿರದ ಕಟ್ಟಡದಲ್ಲಿ ಹಂಚಿಕೆದಾರರ ಕಚೇರಿಗಳಿದ್ದವು. ಒಂದು ಚಿತ್ರ ಗೆದ್ದಿತೋ ಸೋತಿತೋ ಎಂಬ ಸುದ್ದಿ ಮೊದಲು ಅಲ್ಲಿಗೆ ಬರುತ್ತಿತ್ತಂತೆ. ಈಗ ಮಿನರ್ವಾ ಇಲ್ಲ. ದಕ್ಷಿಣದ ತುದಿಯ ರಾಯಲ್ ಓಪೆರಾ ಹೌಸ್ ಮಾತ್ರ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿದ್ದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಸಿನಿಮಾದ ಜೊತೆಜೊತೆಗೇ ರೇಡಿಯೊ ಬಿಡಿಭಾಗ, ಧ್ವನಿವರ್ಧಕ, ಟಿವಿ ರಿಪೇರಿಯ ಅಂಗಡಿಗಳು ಬೆಳೆದವು. ಕಂಪ್ಯೂಟರ್ ಬಂದಾಗ ಅವರಲ್ಲೇ ಹಲವರು ಕಂಪ್ಯೂಟರಿಗೂ ಕೈಹಾಕಿದರು. ಹಾಗಾಗಿ ಕಾಯಿಸಿದ ಸೀಸದ ವಾಸನೆ ಈ ರಸ್ತೆಗೆ ಹೊಸದಲ್ಲ.

ರಸ್ತೆಯನ್ನು ಎರಡು ಪದರವಾಗಿ ನೋಡಬೇಕು. ಕೆಳಗಿನದು ಅಂಗಡಿಗಳ ಸಾಲು. ಗಾಜಿನ ಕಪಾಟಿನಲ್ಲಿ ಬಣ್ಣದ ದೀಪ ಹೊತ್ತಿಕೊಂಡ ಗ್ರಾಫಿಕ್ಸ್ ಕಾರ್ಡುಗಳು, ಹೊರಗೆ ಪೇರಿಸಿಟ್ಟ ಮಾನಿಟರ್ ಪೆಟ್ಟಿಗೆಗಳು, ಬಾಗಿಲಲ್ಲೇ ನಿಂತು "ಕ್ಯಾ ಚಾಹಿಯೆ ಬಾಸ್?" ಎಂದು ಕರೆಯುವ ಹುಡುಗರು. ಗಲ್ಲಾಪೆಟ್ಟಿಗೆಯ ಮೇಲೆ ಹೆಚ್ಚಾಗಿ ಗುಜರಾತಿ, ಕಚ್ಛಿ, ಸಿಂಧಿ, ಮಾರ್ವಾಡಿಗಳು. ಮೇಲಿನ ಪದರ ಕಾಣುವುದಿಲ್ಲ. ಹಳೆಯ ಕಟ್ಟಡಗಳ ಕತ್ತಲೆ ಮೆಟ್ಟಿಲು, ಗೋಡೆಗೆ ಅಂಟಿಸಿದ ಬಾಣದ ಗುರುತುಗಳು, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕಾದಷ್ಟು ಸಣ್ಣ ಕೋಣೆಗಳು. ಮಾರಾಟ ಕೆಳಗೆ, ರಿಪೇರಿ ಮೇಲೆ. ಹತ್ತು ವರ್ಷದಿಂದ ಈ ರಸ್ತೆಗೆ ಬರುತ್ತಿದ್ದರೂ ಮೇಲಿನ ಪದರದ ಪರಿಚಯ ನನಗೆ ಸರಿಯಾಗಿ ಆದದ್ದು ಕಳೆದ ಡಿಸೆಂಬರಿನಲ್ಲಿ, 8 ಜಿಬಿಯ ಒಂದು ರ‍್ಯಾಮ್ ಕಡ್ಡಿಯಿಂದ.

ನಮ್ಮ ಮನೆಯ ಡೆಸ್ಕ್‌ಟಾಪ್ 2019ರದು. ಎಂಟು ಜಿಬಿ ಮೆಮೊರಿ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದ್ದರಿಂದ 11ಕ್ಕೆ ಬದಲಾಯಿಸಿದ್ದೆವು. ಅದಾದ ಮೇಲೆ ಅದು ಉಬ್ಬಸದ ಮುದುಕನಂತೆ ಏದುಸಿರು ಬಿಡತೊಡಗಿತು. ಹೊಸದು ಕೊಳ್ಳುವಷ್ಟು ಹಳೆಯದಾಗಿರಲಿಲ್ಲ. ಅದರಲ್ಲಿ ಆಗಬೇಕಾದ ಒಂದು ಕೆಲಸವೂ ಇತ್ತು. ಶಿರಸಿ ಹತ್ತಿರದ ನಮ್ಮ ಹಳೆಯ ಮನೆಯನ್ನು ಹೋದ ಬೇಸಿಗೆಯಲ್ಲಿ ಬಿಚ್ಚಿದರು. ಹಿಸೆಯಾಗಿ, ಮರಮಟ್ಟು ಮಾರಿ, ಆ ಜಾಗದಲ್ಲಿ ಚಿಕ್ಕಪ್ಪನ ಮಕ್ಕಳು ಆರ್‌ಸಿಸಿ ಮನೆ ಕಟ್ಟುತ್ತಿದ್ದಾರೆ. ಬಿಚ್ಚುವ ಮುನ್ನ ತಮ್ಮ ಮೂರು ದಿನ ಕೂತು ಮನೆಯ ಮೂಲೆಮೂಲೆಯ ಫೋಟೋ ತೆಗೆದಿದ್ದ. ಒಟ್ಟು 1,146. ಜಗುಲಿ, ಹೆಬ್ಬಾಗಿಲು, ನಾಗಂದಿಗೆ, ಬಚ್ಚಲ ಒಲೆ, ಅಡಿಕೆ ಅಟ್ಟ. ಅಪ್ಪ ಈಗ ನಮ್ಮ ಜೊತೆ ಡೊಂಬಿವಲಿಯಲ್ಲೇ ಇದ್ದಾರೆ. ಅವರು ದೊಡ್ಡ ಪರದೆಯ ಮುಂದೆ ಕೂತು ಯಾವುದು ಯಾವ ಕಂಬ, ಯಾರು ಎಲ್ಲಿ ಮಲಗುತ್ತಿದ್ದರು ಎಂದು ಹೇಳಬೇಕು. ನಾನು ಅದನ್ನು ಚಿತ್ರದ ಕೆಳಗೆ ಬರೆದು ಒಂದು ಪುಸ್ತಕ ಮಾಡಿಸಬೇಕು. ಇದು ನಮ್ಮಿಬ್ಬರ ಒಪ್ಪಂದ. ಎರಡು ಚಿತ್ರ ಒಟ್ಟಿಗೆ ತೆರೆದರೆ ಯಂತ್ರ ಗರಬಡಿದಂತೆ ನಿಲ್ಲುತ್ತಿತ್ತು.

ನವೆಂಬರಿನ ಕೊನೆಯ ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಡಿಡಿಆರ್4, 2666 ಮೆಗಾಹರ್ಟ್ಸ್, 8 ಜಿಬಿ. ಹಳೆಯ ಕಡ್ಡಿಯ ಫೋಟೋ ಫೋನಿನಲ್ಲಿತ್ತು. ಅಂಗಡಿಯವರು ಅದನ್ನೇ ನೋಡಿ ಅದಕ್ಕೆ ಹೊಂದುವಂಥದ್ದನ್ನು ಕೊಟ್ಟರು. ಈ ರಸ್ತೆಯ ಒಂದು ಒಳ್ಳೆಯ ಪದ್ಧತಿ ಏನೆಂದರೆ, ಪರೀಕ್ಷಿಸದೆ ಏನನ್ನೂ ಕೊಡುವುದಿಲ್ಲ. ಮೇಜಿನ ಮೇಲೆ ಕ್ಯಾಬಿನೆಟ್ ಇಲ್ಲದ ಬರಿಯ ಮದರ್‌ಬೋರ್ಡ್ ಯಾವಾಗಲೂ ತೆರೆದೇ ಇರುತ್ತದೆ. ಕಡ್ಡಿಯನ್ನು ಅದರಲ್ಲಿ ಕೂರಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಎರಡು ಪಿನ್ ಮುಟ್ಟಿಸಿ ಚಾಲೂ ಮಾಡಿ, ಪರದೆಯ ಮೇಲೆ 8 ಜಿಬಿ ಎಂದು ತೋರಿಸಿ, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆದುಕೊಟ್ಟರು. ಎಲ್ಲ ಸೇರಿ ಹತ್ತು ನಿಮಿಷ.

ಮನೆಗೆ ಬಂದು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಕಡ್ಡಿಯ ಕಚ್ಚನ್ನು ಸ್ಲಾಟಿನ ಗೂಟಕ್ಕೆ ಹೊಂದಿಸಿ ಒತ್ತಿದೆ. ಟಕ್ ಎಂದು ಕೂತಿತು. ಬಯೋಸ್‌ನಲ್ಲಿ 16 ಜಿಬಿ. ವಿಂಡೋಸ್‌ನಲ್ಲೂ 16. ಯಂತ್ರಕ್ಕೆ ಪ್ರಾಯ ಬಂದಂತಾಯಿತು. ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಒಂಬತ್ತು ದಿನದಲ್ಲಿ ಅರವತ್ತು ಚಿತ್ರಗಳ ಕೆಲಸ ಮುಗಿಯಿತು. ಅಷ್ಟೂ ಫೋಟೋಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೂ ನಕಲು ಮಾಡಿದೆ.

ಒಂಬತ್ತನೆಯ ದಿನ ಅಪ್ಪನಿಗೆ ಹಾರ್ಡ್ ಡಿಸ್ಕಿನಿಂದಲೇ ಚಿತ್ರ ತೋರಿಸುತ್ತಿದ್ದೆ. ಅಡಿಕೆ ಅಟ್ಟದ ತೊಲೆಯ ಚಿತ್ರ ಬಂತು. ಅಜ್ಜ ಅದರ ಮೇಲೆ ವರ್ಷವರ್ಷದ ಅಡಿಕೆ ಮೂಟೆಯ ಲೆಕ್ಕವನ್ನು ಇದ್ದಿಲಿನಲ್ಲಿ ಬರೆದಿಟ್ಟಿದ್ದ. ಚಿತ್ರದ ಮೇಲಿನ ಅರ್ಧ ಸರಿಯಾಗಿತ್ತು. ಲೆಕ್ಕ ಇರಬೇಕಾದ ಕೆಳಗಿನ ಅರ್ಧ ಬರೀ ಬೂದು ಬಣ್ಣ.

"ಇದೆಂತ ಹೀಗೆ? ಬೂದಿ ಎರಚಿದ ಹಾಗೆ ಇದ್ಯಲ್ಲ" ಎಂದರು ಅಪ್ಪ.

ನಾನು ಏನೂ ಹೇಳಲಿಲ್ಲ. ಇನ್ನೂ ನಾಲ್ಕು ಚಿತ್ರಗಳು ಹಾಗೇ ಸಿಕ್ಕವು. ಮೊದಲು ತಮ್ಮನಿಗೆ ಫೋನ್ ಮಾಡಿ, "ಕ್ಯಾಮೆರಾದ ಕಾರ್ಡ್ ಹಾಗೇ ಇದ್ಯಾ? ಅಳಿಸಬೇಡ" ಎಂದೆ. "ಇದ್ದು ಅಣ್ಣಾ, ಕಪಾಟಲ್ಲೇ ಇದ್ದು" ಎಂದ. ಆಮೇಲೆ ಉಸಿರು ಸರಿಹೋಯಿತು.

ಹಾರ್ಡ್ ಡಿಸ್ಕ್ ಹಾಳಾಗಿರಬಹುದು ಎಂದು ಯಾರಾದರೂ ಹೇಳುತ್ತಾರೆ. ಆದರೆ ಎರಡೂ ಡಿಸ್ಕ್‌ಗಳ ಆರೋಗ್ಯದ ವರದಿ ಚೆನ್ನಾಗಿತ್ತು, ಹಳೆಯ ಕಡತಗಳೆಲ್ಲ ಸರಿಯಾಗಿದ್ದವು. ಕೆಟ್ಟದ್ದು ಈ ಒಂಬತ್ತು ದಿನದಲ್ಲಿ ನಕಲಾದವು ಮಾತ್ರ. ಒಂದು ಕಡತವನ್ನು ಇಲ್ಲಿಂದ ಅಲ್ಲಿಗೆ ನಕಲು ಮಾಡುವಾಗ ಅದು ನೇರವಾಗಿ ಡಿಸ್ಕಿನಿಂದ ಡಿಸ್ಕಿಗೆ ಹೋಗುವುದಿಲ್ಲ. ನಡುವೆ ರ‍್ಯಾಮಿನಲ್ಲಿ ಕೂತು ಹೋಗುತ್ತದೆ. ಅಲ್ಲಿ ಒಂದೇ ಒಂದು ಬಿಟ್, ಸೊನ್ನೆ ಇದ್ದದ್ದು ಒಂದಾದರೂ ಸಾಕು, ಆ ತಪ್ಪೇ ಡಿಸ್ಕಿಗೆ ಸೇರುತ್ತದೆ. ಜೆಪೆಗ್ ಚಿತ್ರದಲ್ಲಿ ಮಾಹಿತಿಯನ್ನು ಒತ್ತೊತ್ತಾಗಿ ಅಡಕಿರುತ್ತಾರೆ. ಒಂದು ಬಿಟ್ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪಬಹುದು, ಸ್ವೆಟರಿನ ಒಂದು ಹೊಲಿಗೆ ಬಿಟ್ಟುಹೋದ ಹಾಗೆ. ಕಚೇರಿಯ ಸರ್ವರುಗಳಲ್ಲಿ ಇಂಥ ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ತಪ್ಪನ್ನು ತಪ್ಪೆಂದು ತಿಳಿಯದೆ, ಎಚ್ಚರಿಕೆಯನ್ನೂ ಕೊಡದೆ, ನಗುನಗುತ್ತಲೇ ಕೆಲಸ ಮಾಡುತ್ತದೆ.

ಪತ್ತೆ ಹಚ್ಚುವ ದಾರಿ ಸರಳ, ಆದರೆ ತಾಳ್ಮೆ ಬೇಕು. ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ವಿಂಡೋಸ್ ಇಲ್ಲದೆ ಅದರಿಂದಲೇ ಯಂತ್ರವನ್ನು ಎಬ್ಬಿಸಬೇಕು. ಅದು ಮೆಮೊರಿಯ ಪ್ರತಿ ಕೋಶಕ್ಕೂ ಬೇರೆಬೇರೆ ಮಾದರಿಯಲ್ಲಿ ಬರೆದು, ಓದಿ, ತಾಳೆ ನೋಡುತ್ತದೆ. ಎರಡೂ ಕಡ್ಡಿ ಇಟ್ಟು ಓಡಿಸಿದಾಗ ಕೆಂಪು ಸಾಲುಗಳು ಬಂದವು. ಇನ್ನು ತಪ್ಪು ಕಡ್ಡಿಯದೋ ಸ್ಲಾಟಿನದೋ ತಿಳಿಯಬೇಕು. ಎರಡು ಕಡ್ಡಿ, ಎರಡು ಸ್ಲಾಟ್, ನಾಲ್ಕು ಜೋಡಿ, ನಾಲ್ಕು ರಾತ್ರಿ. ಹಳೆಯ ಕಡ್ಡಿ ಎರಡೂ ಸ್ಲಾಟಿನಲ್ಲಿ ನಿರ್ಮಲ. ಹೊಸದು ಎರಡೂ ಸ್ಲಾಟಿನಲ್ಲಿ ತಪ್ಪು. ಅದೂ ಆರು ಜಿಬಿ ದಾಟಿದ ಮೇಲೆ, ಒಂದೇ ವಿಳಾಸದ ಆಸುಪಾಸಿನಲ್ಲಿ, ಒಂದೇ ಬಿಟ್. ಅದೂ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ. ವೇಗವನ್ನು 2133ಕ್ಕೆ ಇಳಿಸಿ ನೋಡಿದರೂ ಫಲ ಅದೇ. ಹೀಗೆ ವಿಳಾಸ ಬದಲಾಗದೆ ಕಡ್ಡಿಯ ಹಿಂದೆಯೇ ತಪ್ಪು ಹೋದರೆ, ದೋಷ ಕಡ್ಡಿಯದೇ. ಪರದೆಯ ಫೋಟೋಗಳನ್ನು ತೆಗೆದಿಟ್ಟುಕೊಂಡೆ.

ಡಿಸೆಂಬರ್ ಎರಡನೆಯ ಶನಿವಾರ ಮತ್ತೆ ಅದೇ ಅಂಗಡಿ. ಅವರು ಕಡ್ಡಿಯನ್ನು ಅದೇ ಬರಿಯ ಬೋರ್ಡಿಗೆ ಸಿಕ್ಕಿಸಿದರು. 8 ಜಿಬಿ ಎಂದು ತೋರಿತು. "ಚಾಲೂ ಹೈ ನಾ ಸಾಬ್" ಎಂದರು. ಫೋಟೋ ತೋರಿಸಿದೆ. "ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ, ಮೂರು ವಾರದಲ್ಲಿ ಬರುತ್ತದೆ" ಎಂದರು. ಅವರ ಕಷ್ಟವೂ ತಿಳಿಯದ್ದಲ್ಲ. ನಾನು ಕೊಂಡ ಕಡ್ಡಿಯ ಬೆಲೆ ಎರಡೇ ವಾರದಲ್ಲಿ ಸಾವಿರಕ್ಕೂ ಮೇಲೆ ಏರಿತ್ತು. ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಮೆಮೊರಿ ತಯಾರಕರು ಆ ಕಡೆಗೇ ಹೊರಳಿದ್ದರು. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ತಿಂಗಳ ಆರಂಭದಲ್ಲಿ ಘೋಷಿಸಿತ್ತು. ಇಂಥ ಹೊತ್ತಿನಲ್ಲಿ ಕಪಾಟಿನಿಂದ ಹೊಸ ಕಡ್ಡಿ ತೆಗೆದುಕೊಡುವುದೆಂದರೆ ಅವರಿಗೆ ಕೈಯಿಂದ ಕಳೆದುಕೊಂಡ ಹಾಗೆ.

ಕೊನೆಗೆ ಅವರೇ ಒಂದು ದಾರಿ ಹೇಳಿದರು. "ಮೇಲೆ ಕಾಕಾ ಇದ್ದಾರೆ. ಅವರು ಖರಾಬು ಅಂದರೆ ಖರಾಬು."

ಎರಡು ಮಹಡಿ ಹತ್ತಿ ಹೋದೆ. ಕಾಕಾ ಎಪ್ಪತ್ತರ ಆಸುಪಾಸಿನ ಗುಜರಾತಿ, ಹಣೆಯ ಮೇಲೆ ಏರಿಸಿದ ಭೂತಗನ್ನಡಿ. ಟ್ರಾನ್ಸಿಸ್ಟರ್ ರೇಡಿಯೊ ರಿಪೇರಿಯಿಂದ ಈ ರಸ್ತೆಯಲ್ಲಿ ಕೈ ಪಳಗಿಸಿದವರು. ಅವರು ನನ್ನ ಫೋಟೋಗಳನ್ನು ನೋಡಲಿಲ್ಲ. ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದರು, ಬಟ್ಟೆಯಿಂದ ಒರೆಸಿದರು, ತಮ್ಮ ಬೋರ್ಡಿನಲ್ಲಿ ಕೂರಿಸಿದರು. ಎಷ್ಟು ಮೆಗಾಹರ್ಟ್ಸ್‌ನಲ್ಲಿ ಓಡಿಸಿದಿರಿ, ಎಷ್ಟು ಹೊತ್ತಿಗೆ ತಪ್ಪು ಬಂತು ಎಂದು ಎರಡೇ ಪ್ರಶ್ನೆ ಕೇಳಿದರು. ಅರ್ಧ ಗಂಟೆ ಎಂದಾಗ ತಲೆಯಾಡಿಸಿ ಅಲ್ಲಿದ್ದ ಪುಟ್ಟ ಫ್ಯಾನನ್ನು ಆರಿಸಿದರು.

"ಕೆಳಗಿನವರು ನೋಡುವುದು ಏಳುತ್ತದೋ ಇಲ್ಲವೋ ಎಂದು. ನಾನು ನೋಡುವುದು ನಿಲ್ಲುತ್ತದೋ ಇಲ್ಲವೋ ಎಂದು. ಎರಡು ಗಂಟೆ ಬಿಟ್ಟು ಬನ್ನಿ" ಎಂದರು ಹಿಂದಿಯಲ್ಲಿ.

ಎರಡು ಗಂಟೆ ಕಳೆಯಲು ಲ್ಯಾಮಿಂಗ್ಟನ್ ರೋಡಿನಲ್ಲಿ ಕಷ್ಟವೇನಿಲ್ಲ. ಓಪೆರಾ ಹೌಸ್‌ವರೆಗೆ ನಡೆದು ಅದರ ಮುಖಮಂಟಪದ ಕೆತ್ತನೆ ನೋಡಿ ಬಂದೆ. ಒಂದು ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತೆ. ಫೋನಿನಲ್ಲಿ ತಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡ ಗಲ್ಲೆಯವರು, "ಎಂತ ಮಾರಾಯ್ರೆ, ಶಿರಸಿಯ ಬದಿಯವರಾ?" ಎಂದು ವಿಚಾರಿಸಿದರು. ಅವರು ಕುಂದಾಪುರದ ಕಡೆಯವರು, ಹುಡುಗನಾಗಿದ್ದಾಗ ಬಂದವರು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಹುಡುಗರಿಂದ ತುಂಬಿ ತುಳುಕುತ್ತಿದ್ದ ಮೇಜುಗಳು ಈಗ ಅರ್ಧ ಖಾಲಿ ಎಂದರು. "ಎಲ್ಲ ಮೊಬೈಲಲ್ಲೇ ತರಿಸ್ತಾರೆ. ಕೆಟ್ರೆ ಮಾತ್ರ ಇಲ್ಲಿಗೆ ಬರ್ತಾರೆ ನೋಡಿ" ಎಂದು ನಕ್ಕರು. ನನ್ನ ಕಾರಣವನ್ನು ಹೇಳಿದೆ. ಮಜ್ಜಿಗೆ ಅವರ ಲೆಕ್ಕದಲ್ಲಿ ಬಂತು.

ಮೇಲೆ ಹೋದಾಗ ಕಾಕಾರ ಪರದೆಯಲ್ಲಿ ಹನ್ನೊಂದು ಕೆಂಪು ಸಾಲು. ಅದೇ ವಿಳಾಸ. ಅವರು ಕೆಳಗಿನ ಅಂಗಡಿಗೆ ಫೋನ್ ಮಾಡಿ ಗುಜರಾತಿಯಲ್ಲಿ ಎರಡು ವಾಕ್ಯ ಹೇಳಿದರು. ಐದು ನಿಮಿಷಕ್ಕೆ ಹುಡುಗ ಬೇರೆ ಲಾಟಿನ ಹೊಸ ಕಡ್ಡಿಯನ್ನೂ ಹೊಸ ಬಿಲ್ಲನ್ನೂ ತಂದ. ಕಾಕಾ ಅದನ್ನೂ ಎರಡು ಗಂಟೆ ಓಡಿಸಿದರು. ಒಂದೂ ಸಾಲು ಬರಲಿಲ್ಲ. ಕೂಲಿ ಇನ್ನೂರು ರೂಪಾಯಿ. ಐನೂರರ ನೋಟು ಕೊಟ್ಟರೆ ಮುನ್ನೂರನ್ನು ಎಣಿಸಿ ವಾಪಸು ಕೊಟ್ಟರು.

ಆ ಒಂಬತ್ತು ದಿನದ ಕೆಲಸದಲ್ಲಿ ಯಾವುದನ್ನು ನಂಬಬೇಕು ಎಂಬುದು ಉಳಿದ ಪ್ರಶ್ನೆ. ಕಣ್ಣಿಗೆ ಕಂಡದ್ದು ಐದು ಚಿತ್ರ. ಕಾಣದ್ದು ಎಷ್ಟೋ. ಹೊಸ ಕಡ್ಡಿಯನ್ನು ಮನೆಯಲ್ಲೂ ಒಂದು ರಾತ್ರಿ ಪರೀಕ್ಷಿಸಿದ ಮೇಲೆ, ಮೆಮೊರಿ ಹಾಕುವ ಮುಂಚಿನ ಮೂಲ ಕಡತಗಳನ್ನೂ ಹೊರ ಡಿಸ್ಕಿನ ನಕಲುಗಳನ್ನೂ ಒಂದೊಂದಾಗಿ ತಾಳೆ ನೋಡಿದೆ. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನವಿದೆ. ಅದು ಪ್ರತಿ ಕಡತಕ್ಕೂ ಒಂದು ಬೆರಳಚ್ಚು ತೆಗೆದುಕೊಡುತ್ತದೆ. ಒಂದು ಬಿಟ್ ಬದಲಾದರೂ ಅಚ್ಚು ಬೇರೆಯಾಗುತ್ತದೆ. 1,146ರಲ್ಲಿ 19 ಹೊಂದಲಿಲ್ಲ. ಅಂದರೆ ಹದಿನಾಲ್ಕು ಚಿತ್ರಗಳು ಕಣ್ಣಿಗೆ ಸರಿಯಾಗಿ ಕಂಡರೂ ಒಳಗೆ ಕೆಟ್ಟಿದ್ದವು. ಹತ್ತೊಂಬತ್ತನ್ನೂ ಮೂಲದಿಂದ ಮತ್ತೆ ನಕಲು ಮಾಡಿದೆ. ತಿದ್ದಿದ ಅರವತ್ತಕ್ಕೆ ತಾಳೆ ನೋಡಲು ಮೂಲವೇ ಇಲ್ಲದ್ದರಿಂದ ಅಷ್ಟನ್ನೂ ಅಳಿಸಿ, ಅಪ್ಪನೂ ನಾನೂ ಮತ್ತೆ ಮೊದಲಿನಿಂದ ಶುರುಮಾಡಿದೆವು. ಅಪ್ಪ ಬೇಸರಪಡಲಿಲ್ಲ. ಹೇಳಲು ಎರಡನೆಯ ಸಲ ಇನ್ನೂ ಹೆಚ್ಚು ಇತ್ತು. ತೊಲೆಯ ಮೇಲಿನ ಲೆಕ್ಕದಲ್ಲಿ ಒಂದು ವರ್ಷದ ಮುಂದೆ ಅಜ್ಜ ಗೆರೆ ಎಳೆದು ಖಾಲಿ ಬಿಟ್ಟಿದ್ದ. ಅದು ಕೊಳೆರೋಗಕ್ಕೆ ಇಡೀ ಫಸಲು ಹೋದ ವರ್ಷವಂತೆ. ಮೊದಲ ಸಲ ಆ ಮಾತು ಬಂದಿರಲೇ ಇಲ್ಲ.

ಬೆಲೆಯ ಮಾತಿಗೆ ಬಂದರೆ ಲ್ಯಾಮಿಂಗ್ಟನ್ ರೋಡಿಗೂ ಮನೆಬಾಗಿಲಿಗೆ ಬರುವ ಪೆಟ್ಟಿಗೆಗೂ ಈಗ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕೆಲವೊಮ್ಮೆ ಪೆಟ್ಟಿಗೆಯೇ ಅಗ್ಗ. ಅಗ್ಗಕ್ಕಾಗಿ ಈ ರಸ್ತೆಗೆ ಬರುವ ಕಾಲ ಮುಗಿಯಿತು ಎಂದೇ ನನ್ನ ಭಾವನೆ. ಆದರೆ ಪೆಟ್ಟಿಗೆ ತರುವವನು ಎರಡು ಗಂಟೆ ಕೂತು ನೋಡುವುದಿಲ್ಲ. ಒಂದು ವಸ್ತು ಎದ್ದು ನಿಲ್ಲುವುದಕ್ಕೂ ಕೊನೆತನಕ ನಿಲ್ಲುವುದಕ್ಕೂ ಇರುವ ಅಂತರವನ್ನು ತಿಳಿದವರು, ಅವರ ಮಾತಿಗೆ ಬೆಲೆ ಕೊಡುವ ಅಂಗಡಿಯವರು, ಇಬ್ಬರೂ ಒಂದೇ ಮೆಟ್ಟಿಲಿನ ಮೇಲೆ ಕೆಳಗೆ ಇರುವುದು ಇಂಥ ಬೀದಿಗಳಲ್ಲಿ ಮಾತ್ರ. ಕೆಳಗಿನ ಅಂಗಡಿಗಳು ಮುಚ್ಚಿದರೆ ಮೇಲಿನ ಕೋಣೆಗೆ ದಾರಿ ಹೇಳುವವರೂ ಇರುವುದಿಲ್ಲ.

ಹೋಗುವವರಿಗೆ ಎರಡು ಮಾತು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳಿಗೆ ರಜೆ. ಹನ್ನೊಂದು ಗಂಟೆಗೆ ಮುಂಚೆ ಹೋಗಿಯೂ ಪ್ರಯೋಜನವಿಲ್ಲ. ಹಳೆಯ ಕಡ್ಡಿಯ ಮೇಲಿನ ಚೀಟಿಯ ಫೋಟೋ ಜೊತೆಗಿರಲಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಹೊಸ ಮೆಮೊರಿ ಹಾಕಿದ ರಾತ್ರಿ ಮುಖ್ಯವಾದ ಯಾವುದನ್ನೂ ಮುಟ್ಟದೆ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿ. ಬೆಳಿಗ್ಗೆ ಕೆಂಪು ಸಾಲು ಕಂಡರೆ ಕಡ್ಡಿಯನ್ನು ಹಿಡಿದು ಹೋಗಿ, ಅಂಗಡಿಯವರ ಹತ್ತಿರ ಜಗಳ ಬೇಡ, ಮೇಲೆ ಯಾರಿದ್ದಾರೆ ಎಂದು ಕೇಳಿ. ಮೆಟ್ಟಿಲು ಕತ್ತಲಾಗಿರುತ್ತದೆ, ಫೋನಿನ ಟಾರ್ಚ್ ಹಾಕಿಕೊಂಡು, ಗೋಡೆಯ ಬಾಣಗಳನ್ನು ನೋಡುತ್ತ ಹತ್ತಿ.